ಆ ಮನೆಯಲ್ಲಿ ಇಬ್ಬರಿದ್ದಾರೆ

"ಮೇಡಂ, ನಮ್ಮ ಕಂಪನಿ ಇನ್ಶೂರೆನ್ಸ್‌ನ್ಯಾಗ ಮಿಸೆಸ್ ಹೆಸರೂ ಇರ್ತೈತಲ್ರಿ?"

ಸೋಮವಾರ ಬೆಳಿಗ್ಗೆ ನಾನಿನ್ನೂ ಕೋಟು ಬಿಚ್ಚಿರಲಿಲ್ಲ. ಮೇಜಿನ ಮುಂದೆ ನಿಂತಿದ್ದವರು ನಮ್ಮ ಟೆಸ್ಟಿಂಗ್ ವಿಭಾಗದ ಎಂಜಿನಿಯರ್, ಬಾಗಲಕೋಟೆ ಕಡೆಯವರು. ನೆದರ್ಲೆಂಡ್ಸ್‌ನ ಆಮರ್ಸ್‌ಫೋರ್ಟ್ ನಗರದ ಈ ಆಫೀಸಿನಲ್ಲಿ ಹೊರದೇಶದಿಂದ ಬಂದು ಸೇರುವವರ ಪರ್ಮಿಟ್, ಬಾಡಿಗೆ ಮನೆ, ಬ್ಯಾಂಕು, ವಿಮೆ ಎಲ್ಲದಕ್ಕೂ ದಾರಿ ತೋರಿಸುವುದು ನನ್ನ ಕೆಲಸ. ಬೇರೆಯವರು ಇ-ಮೇಲ್ ಬರೆದು ಸಮಯ ಕೇಳುತ್ತಾರೆ. ಕನ್ನಡದವರು ನೇರವಾಗಿ ಬಂದು ನಿಲ್ಲುತ್ತಾರೆ, ಅದೂ ನನ್ನ ಕಾಫಿಗೆ ಮೊದಲು. ಅದಕ್ಕೆ ನಾನು ಗೊಣಗುವುದೂ ಉಂಟು. ಅವತ್ತು ಗೊಣಗಲಿಲ್ಲ. ಅವರ ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಗಾಗಿದ್ದವು.

"ಯಾಕೆ, ಏನಾಯ್ತು?"

"ಶನಿವಾರ ಆಕಿಗೆ ಹೊಟ್ಟಿನೋವು ಬಂತ್ರಿ. ಒದ್ದಾಡಿಬಿಟ್ಲು. ವೀಕೆಂಡ್ ಕ್ಲಿನಿಕ್ಕಿಗೆ ಕರ್ಕೊಂಡು ಹೋದೆ. ಸ್ಕ್ಯಾನ್ ಮಾಡಿ, ದೊಡ್ಡ ಆಸ್ಪತ್ರಿಗೆ ಹೋಗ್ರಿ ಅಂದಾರ. ಕಾರ್ಡ್ ಕೇಳಿದ್ರು, ನಂದು ಕೊಟ್ಟೆ. ಇದು ನಿಮ್ದು, ಅವರದೆಲ್ಲಿ ಅಂತ ಕೇಳ್ತಾರ."

ಬೆಂಗಳೂರಿನ ಕಂಪನಿಗಳಲ್ಲಿ ದುಡಿದು ಬಂದವರಿಗೆ ಈ ತಪ್ಪು ತೀರ ಸಹಜ. ಅಲ್ಲಿ ಕೆಲಸಕ್ಕೆ ಸೇರಿದ ಕೂಡಲೇ ಒಂದು ಕಾರ್ಡು ಕೈಗೆ ಬರುತ್ತದೆ. ಹೆಂಡತಿ, ಮಕ್ಕಳು, ಅಪ್ಪ, ಅಮ್ಮ, ಕೆಲವು ಕಡೆ ಅತ್ತೆ ಮಾವ ಕೂಡ ಅದೇ ಕೊಡೆಯ ಕೆಳಗೆ ನಿಲ್ಲುತ್ತಾರೆ. ನೆದರ್ಲೆಂಡ್ಸ್‌ನಲ್ಲಿ ಅಂಥ ಕೊಡೆ ಇಲ್ಲ. ಮೂಲ ಆರೋಗ್ಯ ವಿಮೆಯನ್ನು ಸರ್ಕಾರ ಕಡ್ಡಾಯ ಮಾಡಿದೆ, ಪಾಲಿಸಿ ಕೊಡುವವರು ವಿಮಾ ಕಂಪನಿಗಳು, ವಯಸ್ಕರೆಲ್ಲರೂ ತಂತಮ್ಮ ಹೆಸರಿನಲ್ಲಿ ಬೇರೆ ಬೇರೆ ಮಾಡಿಸಬೇಕು. ಗಂಡನಿಗೆ ವಿಮೆ ಇದ್ದರೆ ಅದು ಗಂಡನಿಗೆ ಮಾತ್ರ. ಇದನ್ನು ಸೇರುವ ದಿನವೇ ನಾನು ಎಲ್ಲರಿಗೂ ಹೇಳುತ್ತೇನೆ. ಆದರೆ ಈ ಎಂಜಿನಿಯರ್ ಒಂಟಿಯಾಗಿ ಬಂದವರು. ಹೆಂಡತಿ ಆಮೇಲೆ ಬಂದಿದ್ದರು, ಆಕೆಯ ವೀಸಾವನ್ನು ನೋಡಿಕೊಂಡವರು ಹೊರಗಿನ ಏಜೆಂಟರು. ಆಕೆ ಬಂದಿದ್ದಾರೆಂಬುದೇ ನಮ್ಮ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆದರೂ ನನಗೆ ಗಾಬರಿಯೇನೂ ಆಗಲಿಲ್ಲ. ಇಲ್ಲಿನ ಕಾನೂನಿನಲ್ಲಿ ನನಗೆ ಮೆಚ್ಚುಗೆಯಾದ ಒಂದು ಮಾತಿದೆ: ಇಲ್ಲಿ ವಾಸವಾಗಿರುವ ಯಾರನ್ನೇ ಆಗಲಿ, ಎಂಥ ಕಾಯಿಲೆಯೇ ಇರಲಿ, ಮೂಲ ವಿಮೆಗೆ ಬೇಡ ಎನ್ನುವ ಅಧಿಕಾರ ಯಾವ ಕಂಪನಿಗೂ ಇಲ್ಲ. ಬಂದ ನಾಲ್ಕು ತಿಂಗಳೊಳಗೆ ಸೇರಿದರೆ ವಿಮೆ ಬಂದ ದಿನದಿಂದಲೇ ಜಾರಿ, ಶನಿವಾರದ ಕ್ಲಿನಿಕ್ಕೂ ಅದರೊಳಗೇ ಬರುತ್ತದೆ. ಆಕೆ ಈ ದೇಶಕ್ಕೆ ಬಂದು ನಾಲ್ಕನೇ ತಿಂಗಳು ಆಗಷ್ಟೇ ಶುರುವಾಗಿತ್ತು. ಇನ್ನೂ ಸಮಯವಿತ್ತು.

"ಕೂತ್ಕೊಳ್ಳಿ, ಈಗ್ಲೇ ಮಾಡ್ಬಿಡೋಣ. ಅವ್ರ ಬಿಎಸ್‌ಎನ್ ಹೇಳಿ," ಎಂದೆ.

ಬಿಎಸ್‌ಎನ್ ಎಂದರೆ ಇಲ್ಲಿನ ನಾಗರಿಕ ಸಂಖ್ಯೆ. ನಗರಸಭೆಯಲ್ಲಿ ವಿಳಾಸ ನೋಂದಾಯಿಸಿದರೆ ಸಿಗುತ್ತದೆ. ಅದಿಲ್ಲದೆ ವಿಮೆ ಇಲ್ಲ, ಮನೆಯ ಹತ್ತಿರದ ಡಾಕ್ಟರ್ ಇಲ್ಲ, ಬ್ಯಾಂಕ್ ಖಾತೆಯೂ ಇಲ್ಲ. ಎಂಜಿನಿಯರ್ ಕೂರಲಿಲ್ಲ.

"ಮಾಡಿಸಿಲ್ರಿ."

"ಮಾಡಿಸಿಲ್ಲ ಅಂದ್ರೆ? ಬಂದ ವಾರವೇ ಮಾಡಿಸ್ಬೇಕಿತ್ತಲ್ರೀ!"

"ಮನಿ ಅಗ್ರಿಮೆಂಟ್ ಒಬ್ಬರಿಗಷ್ಟ ಐತ್ರಿ. ಓನರು ಮೊದ್ಲ ಹೇಳಿದ್ದ, ಸಿಂಗಲ್ ಪರ್ಸನ್ ಅಂತ. ಬೇರೆ ಮನಿ ಹುಡುಕಿ ಹುಡುಕಿ ಸಾಕಾತು. ಸಿಗೂತನಕ ಅಡ್ಜಸ್ಟ್ ಮಾಡ್ಕೊಂಡು ಹೋದ್ರಾತು ಅಂತ..."

ಅಡ್ಜಸ್ಟ್. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಬಸ್ಸಿನ ಸೀಟಿನಲ್ಲಿ ಮೂರನೆಯವರಿಗೆ ಜಾಗ ಮಾಡಿಕೊಡಲು ಹುಟ್ಟಿದ ಒಳ್ಳೆಯ ಮಾತು ಅದು. ಇಲ್ಲಿಗೆ ಬಂದ ಮೇಲೆ ನಮ್ಮವರು ಅದನ್ನು ಎಲ್ಲೆಂದರಲ್ಲಿ ಬಳಸಿ ಕೈಕಾಲು ಸಿಕ್ಕಿಸಿಕೊಳ್ಳುತ್ತಾರೆ. ಬೈಯಲು ಬಾಯಿ ತೆರೆದೆ, ಅವರ ಮುಖ ನೋಡಿ, ದೊಡ್ಡ ಆಸ್ಪತ್ರೆಗೆ ಯಾವತ್ತು ಹೋಗಬೇಕು ಎಂದಷ್ಟೇ ಕೇಳಿದೆ.

ಮರುದಿನ ಆಸ್ಪತ್ರೆಗೆ ನಾನೂ ಹೋದೆ. ಅದು ನನ್ನ ಕೆಲಸವಲ್ಲ ಎಂದು ನಮ್ಮ ಮ್ಯಾನೇಜರ್ ನೆನಪಿಸಿದರು. ಹಾಗಾದರೆ ಅರ್ಧ ದಿನ ರಜೆ ಹಾಕುತ್ತೇನೆ ಎಂದೆ. ಆಕೆಯನ್ನು ನಾನು ಮೊದಲು ನೋಡಿದ್ದು ಅಲ್ಲಿಯೇ, ಕಾಯುವ ಕೋಣೆಯಲ್ಲಿ. ಚಿಕ್ಕ ವಯಸ್ಸು, ಸಣ್ಣ ಮೈ, ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. ಎಷ್ಟು ತುದಿಯಲ್ಲಿ ಎಂದರೆ, ಪಕ್ಕದಲ್ಲಿ ಇನ್ನೊಬ್ಬರು ಕೂರಬಹುದಿತ್ತು.

ಸ್ತ್ರೀರೋಗ ತಜ್ಞೆ ಸ್ಕ್ಯಾನ್ ತೋರಿಸುತ್ತಾ ವಿವರಿಸಿದರು, ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಎಡ ಅಂಡಾಶಯದಲ್ಲಿ ದೊಡ್ಡ ಗಡ್ಡೆ. ಕೆಟ್ಟ ಜಾತಿಯದೆಂದು ಕಾಣುವುದಿಲ್ಲ. ಆದರೆ ಅದರ ಭಾರಕ್ಕೆ ಅಂಡಾಶಯ ತಿರುಚಿಕೊಂಡರೆ ರಕ್ತ ಸಂಚಾರ ನಿಂತು ಅಂಡಾಶಯವೇ ಸಾಯಬಹುದು. ಶನಿವಾರದ ನೋವು ಅದರ ಮುನ್ಸೂಚನೆ ಇರಬಹುದು. ತಿಂಗಳ ಕೊನೆಗೆ ಶಸ್ತ್ರಚಿಕಿತ್ಸೆಗೆ ಒಂದು ದಿನ ಖಾಲಿ ಇದೆ, ಹಿಡಿದಿಡುತ್ತೇನೆ. ಅಲ್ಲಿಯವರೆಗೆ ಭಾರ ಎತ್ತಬಾರದು. ಮತ್ತೆ ಅಂಥ ನೋವು ಬಂದರೆ ತಕ್ಷಣ ಬರಬೇಕು.

"ವಿಮಾನದಾಗ ಹೋಗಬಹುದೇನು ಕೇಳ್ರಿ," ಎಂದರು ಎಂಜಿನಿಯರ್. ಬಾಗಲಕೋಟೆಯಿಂದ ಆಕೆಯ ತಾಯಿ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದರಂತೆ, ಇಲ್ಲಿಗೆ ಕಳಿಸಿಬಿಡಿ ಎಂದು. ಎಂಜಿನಿಯರ್ ಟಿಕೆಟನ್ನೂ ಕಾದಿರಿಸಿಬಿಟ್ಟಿದ್ದರು.

ಡಾಕ್ಟರ್ ಬೇಡವೆಂದು ತಲೆಯಾಡಿಸಿದರು. ಆಕಾಶದ ಮಧ್ಯದಲ್ಲಿ ತಿರುಚಿಕೊಂಡರೆ ಮಾಡುವುದೇನು?

ಹೊರಗೆ ದಾಖಲಾತಿ ಮೇಜಿನಲ್ಲಿ ಇನ್ನೊಂದು ಗಂಟು. ತುರ್ತು ಬಂದರೆ ವಿಮೆ ಇರಲಿ ಬಿಡಲಿ ನೋಡುತ್ತೇವೆ ಎಂದರು ಅಲ್ಲಿದ್ದವರು. ಆದರೆ ಮುಂಚಿತವಾಗಿ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಗೆ ವಿಮೆಯ ಪುರಾವೆ ಬೇಕು, ಇಲ್ಲದಿದ್ದರೆ ಆ ದಿನ ಸರದಿಯಲ್ಲಿರುವ ಇನ್ನೊಬ್ಬರಿಗೆ ಹೋಗುತ್ತದೆ. ದನಿ ಮೃದುವಾಗಿತ್ತು, ಮಾತು ಮಾತ್ರ ಕಲ್ಲಿನ ಹಾಗೆ.

ಅಂದರೆ ಆಪರೇಷನ್‌ಗೆ ವಿಮೆ ಬೇಕು, ವಿಮೆಗೆ ಸಂಖ್ಯೆ ಬೇಕು, ಸಂಖ್ಯೆಗೆ ವಿಳಾಸ ಬೇಕು. ವಿಳಾಸದ ಯಜಮಾನ ಟಿಲ್‌ಬರ್ಗ್ ಎಂಬ ಇನ್ನೊಂದು ಊರಿನಲ್ಲಿ ಕುಳಿತಿದ್ದ. ನಗರಸಭೆಯ ಅರ್ಜಿಗೆ ಮನೆಯ ಮಾಲೀಕನ ಒಪ್ಪಿಗೆ ಪತ್ರ ಲಗತ್ತಿಸುವುದು ವಾಡಿಕೆ. ಆಸ್ಪತ್ರೆಯ ಕೆಫೆಯಲ್ಲೇ ಕುಳಿತು ಎಂಜಿನಿಯರ್ ಅವನಿಗೆ ಫೋನ್ ಮಾಡಿದರು, ಹೆಂಡತಿ ಇಲ್ಲಿದ್ದಾಳೆಂದು ಹೇಳಲು ಧೈರ್ಯ ಸಾಲದೆ, "ಹೆಂಡತಿ ಬರುವವಳಿದ್ದಾಳೆ, ಹೆಸರು ಸೇರಿಸಬಹುದೇ" ಎಂದು ಕೇಳಿದರು. ಉತ್ತರ ಸ್ಪೀಕರಿನಲ್ಲಿ ನಮಗೂ ಕೇಳಿಸಿತು. ಒಬ್ಬರಿಗೆ ಎಂದರೆ ಒಬ್ಬರಿಗೆ. ಇಬ್ಬರಾದರೆ ಮನೆ ಖಾಲಿ ಮಾಡಿ.

ಎಂಜಿನಿಯರ್ ಕೈಚೆಲ್ಲಿ ಕುಳಿತರು. ಆಗ ನನಗೆ ಗೊತ್ತಿದ್ದ ದಾರಿಯನ್ನು ಹೇಳಿದೆ. ಮಾಲೀಕನ ಒಪ್ಪಿಗೆ ವಾಡಿಕೆಯೇ ಹೊರತು, ನೋಂದಣಿಗೆ ಅದೇ ಆಧಾರವಲ್ಲ. ಒಬ್ಬರು ನಿಜವಾಗಿ ಎಲ್ಲಿ ವಾಸಿಸುತ್ತಾರೋ ಅಲ್ಲಿ ನೋಂದಾಯಿಸುವುದು ನಗರಸಭೆಯ ಕರ್ತವ್ಯ. ಅನುಮಾನ ಬಂದರೆ ಅವರೇ ಮನೆಗೆ ಬಂದು ನೋಡುತ್ತಾರೆ. ಆದರೆ ಅಷ್ಟಾದ ಮೇಲೆ ಮಾಲೀಕನಿಗೆ ವಿಷಯ ತಿಳಿಯದೆ ಇರುವುದಿಲ್ಲ. ಮನೆ ಕೈತಪ್ಪಬಹುದು.

"ಮನಿ ಹೋದ್ರ ಎಲ್ಲಿಗಿ ಹೋಗೂದ್ರಿ? ಸಿಗೂದಿಲ್ಲ ಇಲ್ಲಿ. ಇನ್ನೊಂದು ವಾರ ನೋಡೂಣು, ಎಲ್ಲಾರ ಸಿಕ್ರ..." ಎಂದು ಎಂಜಿನಿಯರ್ ಶುರು ಮಾಡಿದರು.

ಅಲ್ಲಿಯವರೆಗೆ ಒಂದು ಮಾತೂ ಆಡದೆ ಚಹಾದ ಲೋಟ ಹಿಡಿದಿದ್ದ ಆಕೆ ಲೋಟವನ್ನು ಕೆಳಗಿಟ್ಟರು.

"ಸಾಕು ಬಿಡ್ರಿ. ನಾ ಇಲ್ಲಿ ಅದೀನಿ ಅಂತ ಹೇಳಾಕ ನಾ ಯಾಕ ಅಂಜಬೇಕು? ಕಳುವು ಮಾಡೀನೇನು? ಅಕ್ಕಾರ, ನೀವು ಅರ್ಜಿ ಹಾಕಸ್ರಿ."

ಗಂಡ ಹೆಂಡತಿಯ ಮುಖ ನೋಡಿದರು. ನಾನು ಕಿಟಕಿಯಾಚೆ ನೋಡಿದೆ. ಆ ಕ್ಷಣ ನನಗೆ ಆಕೆಯ ಮೇಲೆ ಎಂಥ ಪ್ರೀತಿ ಬಂತೆಂದರೆ, ಎದ್ದು ತಬ್ಬಿಕೊಳ್ಳಬೇಕೆನಿಸಿತು.

ನಗರಸಭೆಯ ಕೌಂಟರಿನಲ್ಲಿದ್ದಾಕೆ ಪಾಸ್‌ಪೋರ್ಟ್, ಪರ್ಮಿಟ್ ಕಾರ್ಡು, ಮದುವೆಯ ಪ್ರಮಾಣಪತ್ರ ಎಲ್ಲವನ್ನೂ ತಿರುವಿ ನೋಡಿದರು. ಇಷ್ಟು ತಡವಾಗಿ ಯಾಕೆ ಬಂದಿರಿ ಎಂದು ಗದರಿದರು. ಗದರಿಸಿಕೊಂಡೆವು. ಮಾಲೀಕನ ಪತ್ರವಿಲ್ಲವಾದ್ದರಿಂದ ಅರ್ಜಿಯನ್ನು ತನಿಖೆಗೆ ಹಾಕುತ್ತೇನೆ, ಪರಿಶೀಲಕರು ಮುಂಚಿತವಾಗಿ ತಿಳಿಸದೆ ಮನೆಗೆ ಬರುತ್ತಾರೆ ಎಂದರು.

"ಯಾವಾಗ?" ಎಂದೆ.

"ಹೇಳಲಾಗುವುದಿಲ್ಲ. ನಾಳೆ ಇರಬಹುದು, ಮೂರು ವಾರ ಆಗಬಹುದು."

ಆಸ್ಪತ್ರೆಯ ಪತ್ರ ಮುಂದಿಟ್ಟೆ. ಕೌಂಟರಿನಾಕೆ ಓದಿ, ಪರಿಶೀಲಕರನ್ನು ಬೇಗ ಕಳಿಸಲು ಬರೆಯುತ್ತೇನೆ, ಮಾತು ಮಾತ್ರ ಕೊಡಲಾರೆ ಎಂದರು. ಮನುಷ್ಯಳೇ, ಯಂತ್ರವಲ್ಲ ಎಂದು ಅಷ್ಟರಮಟ್ಟಿಗೆ ಸಮಾಧಾನವಾಯಿತು.

ಅವತ್ತು ಸಂಜೆ ಮೊದಲ ಸಲ ಅವರ ಮನೆಗೆ ಹೋದೆ. ಮೂರನೇ ಮಹಡಿ, ಒಂದು ಕೋಣೆ, ಒಂದು ಹಾಲ್. ಒಳಗೆ ಕಾಲಿಟ್ಟು ಸುತ್ತ ನೋಡಿದೆ. ಬಾಗಿಲ ಬಳಿ ಗಂಡಸಿನ ಶೂ. ಗೂಟದಲ್ಲಿ ಗಂಡಸಿನ ಜಾಕೆಟ್. ಬಚ್ಚಲಲ್ಲಿ ಒಂದೇ ಬ್ರಷ್, ಒಂದೇ ಟವೆಲ್. ಸಿಂಕಿನ ಪಕ್ಕ ಒಂದು ತಟ್ಟೆ, ಒಂದು ಲೋಟ. ಹೆಂಗಸೊಬ್ಬಳು ಅಲ್ಲಿ ಬದುಕುತ್ತಿದ್ದಾಳೆ ಎನ್ನಲು ಒಂದು ಬಳೆ ಚೂರಿಲ್ಲ.

"ನಿಮ್ಮ ಸಾಮಾನೆಲ್ಲ ಎಲ್ಲಿ?"

ಆಕೆ ಮಂಚದ ಕೆಳಗಿನ ಎರಡು ಸೂಟ್‌ಕೇಸ್ ತೋರಿಸಿದರು. ಮಾಲೀಕ ಬಾಯ್ಲರ್ ನೋಡುವ ನೆಪದಲ್ಲಿ ಆಗಾಗ ಬರುತ್ತಾನಂತೆ, ಕೆಲವೊಮ್ಮೆ ಹೇಳದೆಯೇ. ಹಾಗಾಗಿ ಆಕೆ ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ ಬ್ರಷ್ಷನ್ನೂ ಸೂಟ್‌ಕೇಸಿಗೆ ಹಾಕಿಬಿಡುತ್ತಿದ್ದರು. ಅವನು ಬರುವ ಸುಳಿವು ಸಿಕ್ಕರೆ ರೈಲು ನಿಲ್ದಾಣಕ್ಕೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದರು. ಅದನ್ನು ಆಕೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು.

"ಒಂದ್ ಸಲಾನೂ ಗೊತ್ತಾಗಿಲ್ರಿ ಅವಂಗ. ಕೂದಲಾ ಸೈತ ಆರಿಸಿ ಒಗಿತೀನಿ. ಕೆಳಗಿನ ಮನಿ ಅಜ್ಜಿ ಒಮ್ಮಿ ಇವರ್ನ ಕೇಳಿದ್ಲಂತ, ಮುಂಜಾನೆ ಏನ್ರಿ ಅದು ಡೋಲು ಬಡದಂಗ ಅಂತ. ರೊಟ್ಟಿ ಬಡಿಯೂ ಸಪ್ಪಳ್ರಿ. ಇವ್ರು ಎಕ್ಸರ್‌ಸೈಜ್ ಮಾಡ್ತೀನಿ ಅಂದುಬಿಟ್ರು. ಆಮ್ಯಾಲೆ ನಾ ಮಣಿ ಕೆಳಗ ಟಾವೆಲ್ ಹಾಕ್ಕೊಂಡು ಬಡಿಯಾಕತ್ತೀನಿ."

ನಗು ಬರಬೇಕಿತ್ತು, ಬರಲಿಲ್ಲ. ಮನೆಯಲ್ಲಿ ತಾನಿಲ್ಲ ಎಂದು ತೋರಿಸುವುದರಲ್ಲಿ ಆಕೆ ಪಳಗಿಬಿಟ್ಟಿದ್ದರು. ಈಗ ಇದ್ದೇನೆ ಎಂದು ತೋರಿಸಬೇಕಾಗಿತ್ತು.

"ಎಲ್ಲಾ ಆಚೆ ತೆಗೀರಿ. ನೀವು ಎತ್ತಬೇಡಿ, ಎಲ್ಲಿ ಇಡ್ಬೇಕು ಅಂತ ಹೇಳಿ ಸಾಕು," ಎಂದೆ.

ನಾನೂ ಎಂಜಿನಿಯರೂ ಸೇರಿ ಸೂಟ್‌ಕೇಸ್ ಬಿಚ್ಚಿದೆವು. ಇಳಕಲ್ ಸೀರೆ, ಚೂಡಿದಾರಗಳು, ಕುಂಕುಮದ ಭರಣಿ, ತಲೆಗೆ ಹಚ್ಚುವ ಎಣ್ಣೆ, ಊರಿಂದ ತಂದ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿಯ ಡಬ್ಬಿ. ಒಂದೊಂದೂ ಗೂಡು ಸೇರುತ್ತಿದ್ದಂತೆ ಆಕೆಯ ದನಿಯೂ ಏರುತ್ತಾ ಹೋಯಿತು. ಅಲ್ಲಲ್ಲ, ಇತ್ತಾಗ ಇಡ್ರಿ, ಒಲಿ ಹತ್ರ ಯಾರರ ಇಡ್ತಾರೇನು ಎಂದು ಗಂಡನನ್ನು ಗದರತೊಡಗಿದರು. ಸುಳ್ಳು ಸಾಕ್ಷ್ಯ ಸೃಷ್ಟಿಸುತ್ತಿದ್ದೇವೆಯೇ ಎಂದು ನನಗೊಮ್ಮೆ ಅಳುಕಾಯಿತು. ಇಲ್ಲ, ಸುಳ್ಳು ಇದ್ದದ್ದು ಇಷ್ಟು ದಿನ, ಸೂಟ್‌ಕೇಸಿನೊಳಗೆ.

ಆಮೇಲೆ ಕಾಯುವುದು. ಆಕೆ ಮನೆಯಿಂದ ಕಾಲು ಹೊರಗಿಡಲಿಲ್ಲ. ಎಂಜಿನಿಯರ್ ಆಫೀಸಿನಲ್ಲಿ ಅರ್ಧ ಗಂಟೆಗೊಮ್ಮೆ ಫೋನ್ ನೋಡುತ್ತಿದ್ದರು. ನಾನು ಎರಡು ಸಲ ನಗರಸಭೆಗೆ ಫೋನ್ ಮಾಡಿ, ತನಿಖೆಯಲ್ಲಿದೆ ಎಂಬ ಒಂದೇ ಉತ್ತರ ಕೇಳಿಸಿಕೊಂಡೆ. ಮಾಲೀಕ ಮೊದಲು ಬರುತ್ತಾನೋ ಪರಿಶೀಲಕರು ಮೊದಲು ಬರುತ್ತಾರೋ, ಇವರಿಬ್ಬರಿಗಿಂತ ಮೊದಲು ಆ ನೋವು ಬರುತ್ತದೋ ಎಂದು ಮೂವರಿಗೂ ಒಂದೇ ಚಿಂತೆ.

ಎರಡನೇ ವಾರದ ಒಂದು ಸಂಜೆ ಆಫೀಸಿನಿಂದ ಹೋಗುವಾಗ ಸುಮ್ಮನೆ ನೋಡಿ ಬರೋಣವೆಂದು ಅವರ ಮನೆಯ ಗಂಟೆ ಒತ್ತಿದೆ. ಎಂಜಿನಿಯರ್ ಇನ್ನೂ ಬಂದಿರಲಿಲ್ಲ. ಬಾಗಿಲು ತೆರೆದ ಆಕೆಯ ತುಟಿ ಬೆಳ್ಳಗಾಗಿತ್ತು, ಒಂದು ಕೈ ಗೋಡೆಯ ಮೇಲಿತ್ತು.

"ನೋವು ಬಂದಿದ್ಯಾ?"

"ಇಲ್ರಿ, ಏನಿಲ್ಲ."

"ನನ್ನ ಮುಖ ನೋಡಿ ಹೇಳಿ."

ಆಕೆ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಮಧ್ಯಾಹ್ನದಿಂದ ಬಂದು ಬಂದು ಹೋಗುತ್ತಿತ್ತಂತೆ. ಗಂಡನಿಗೆ ಹೇಳಿರಲಿಲ್ಲ.

"ಹೇಳಿದ್ರ ದವಾಖಾನಿಗೆ ಒಯ್ತಾರ. ನಾ ಇಲ್ಲದಾಗ ಅವರು ಬಂದ್ರ? ಮನ್ಯಾಗ ಯಾರೂ ಇಲ್ಲ ಅಂತ ಬರಕೊಂಡು ಹೋದ್ರ ಏನ್ ಮಾಡೂದು?"

ನನಗೆ ಕೆಟ್ಟ ಕೋಪ ಬಂತು. ಯಾರ ಮೇಲೆ ಎಂದು ಈಗಲೂ ಹೇಳಲಾರೆ. "ತಲೆ ಕೆಟ್ಟಿದ್ಯಾ ನಿಮ್ಗೆ? ವಿಮೆ ಇರೋದು ನಿಮಗೋಸ್ಕರ, ನೀವು ವಿಮೆಗೋಸ್ಕರ ಅಲ್ಲ!" ಎಂದು ಕೂಗಿಯೇಬಿಟ್ಟೆ. ಆಸ್ಪತ್ರೆಗೆ ಫೋನ್ ಮಾಡಿದೆ. ವಾಂತಿ ಇದೆಯೇ, ಜ್ವರ ಇದೆಯೇ, ನಡೆಯಬಲ್ಲರೇ ಎಂದು ಕೇಳಿ ನರ್ಸ್ ತಕ್ಷಣ ಕರೆತನ್ನಿ ಎಂದರು. ಟ್ಯಾಕ್ಸಿ ಹೇಳಿದೆ, ಎಂಜಿನಿಯರ್‌ಗೆ ನೇರ ಆಸ್ಪತ್ರೆಗೆ ಬರಲು ಫೋನ್ ಮಾಡಿದೆ, ಆಕೆಯ ಕೋಟು ಹುಡುಕುತ್ತಿದ್ದೆ.

ಗಂಟೆ ಬಾರಿಸಿತು. ಟ್ಯಾಕ್ಸಿ ಇಷ್ಟು ಬೇಗ ಬಂತಲ್ಲ ಎಂದುಕೊಂಡೆ. ಆಕೆ ಮಾತ್ರ ನೋವಿನಲ್ಲೂ ತಟ್ಟನೆ ಬಗ್ಗಿ ಬಾಗಿಲ ಬಳಿಯಿದ್ದ ತಮ್ಮ ಚಪ್ಪಲಿಗಳನ್ನು ಎತ್ತಿ ಬೆನ್ನ ಹಿಂದೆ ಅಡಗಿಸಿದರು. ಅಷ್ಟು ತಿಂಗಳ ಅಭ್ಯಾಸ. ಆಮೇಲೆ ತಾನೇನು ಮಾಡಿದೆ ಎಂದು ನೋಡಿಕೊಂಡು, ಚಪ್ಪಲಿಗಳನ್ನು ಮೆಲ್ಲಗೆ ಗಂಡನ ಶೂ ಪಕ್ಕದಲ್ಲಿಟ್ಟು ಬಾಗಿಲು ತೆರೆದರು.

ನಗರಸಭೆಯ ಗುರುತಿನ ಚೀಟಿ ಹಿಡಿದ ಇಬ್ಬರು, ಒಬ್ಬ ಗಂಡಸು, ಒಬ್ಬ ಹೆಂಗಸು.

"ಇಕ್ ವೋನ್ ಹೀರ್," ಎಂದರು ಆಕೆ, ಅವರು ಏನನ್ನೂ ಕೇಳುವ ಮುಂಚೆಯೇ. ನಾನು ಇಲ್ಲಿ ವಾಸಿಸುತ್ತೇನೆ. ನಾನು ಕಲಿಸಿದ್ದ ಒಂದೇ ಡಚ್ ವಾಕ್ಯ ಅದು.

ನಾನು ಯಾರೆಂದು ಅವರು ಕೇಳಿದರು. ಹೇಳಿದೆ. ಆಕೆಗೆ ಹುಷಾರಿಲ್ಲ, ಈಗಲೇ ಆಸ್ಪತ್ರೆಗೆ ಹೊರಟಿದ್ದೇವೆ ಎಂದೂ ಹೇಳಿದೆ. ಬೇಗ ಮುಗಿಸುತ್ತೇವೆ ಎಂದು ಅವರು ಒಳಗೆ ಬಂದರು. ಬಚ್ಚಲು ನೋಡಿದರು, ಅಡುಗೆಮನೆ ನೋಡಿದರು. ಹೆಂಗಸು ಕಪಾಟು ತೆರೆದು, ಮಡಿಚಿಟ್ಟ ಬಟ್ಟೆಗಳ ಮೇಲೆ ಕೈಯಾಡಿಸಿ, ಖಾಲಿ ಸೂಟ್‌ಕೇಸುಗಳತ್ತ ನೋಡಿ, ನನ್ನ ಕಡೆ ತಿರುಗಿದರು.

"ಎಲ್ಲವೂ ಈಗಷ್ಟೇ ಬಿಚ್ಚಿಟ್ಟ ಹಾಗಿದೆ. ಸೀರೆಯ ಮೇಲೆ ಸೂಟ್‌ಕೇಸಿನ ಮಡಿಕೆ ಇನ್ನೂ ಹೋಗಿಲ್ಲ. ಇವರು ಮೂರು ತಿಂಗಳಿಗೂ ಹೆಚ್ಚು ಕಾಲದಿಂದ ಇಲ್ಲಿದ್ದಾರೆಂದು ಅರ್ಜಿಯಲ್ಲಿದೆ. ಅಥವಾ ನೋಂದಣಿಗಾಗಿ ಈ ವಾರ ತಂದಿಟ್ಟದ್ದೋ?"

ಬೇರೆಲ್ಲೋ ಇರುವವರು ನೋಂದಣಿಗಷ್ಟೇ ಸ್ನೇಹಿತರ ವಿಳಾಸ ಕೊಡುವುದು ಇಲ್ಲಿ ನಡೆಯುತ್ತದೆ, ಪರಿಶೀಲಕರು ಹುಡುಕುವುದೇ ಅಂಥವರನ್ನು. ಅಡಗಿಸಿಟ್ಟಿದ್ದೆವು ಎಂದು ಹೇಳಿದೆ. ಸತ್ಯವೇ, ಆದರೆ ನನ್ನ ಕಿವಿಗೇ ಅದು ಕಟ್ಟುಕತೆಯಂತೆ ಕೇಳಿಸಿತು. ಆಕೆಗೆ ಮಾತು ಅರ್ಥವಾಗಲಿಲ್ಲ, ನನ್ನ ಮುಖ ಅರ್ಥವಾಯಿತು.

"ಏನಂತಾರ್ರಿ?"

"ನೀವು ಇಲ್ಲಿ ಇರ್ಲಿಲ್ಲ, ಈಗ ಬಂದಿದ್ದೀರ ಅಂತಿದಾರೆ."

ಆಕೆ ಒಂದು ಕೈಯಿಂದ ಹೊಟ್ಟೆ ಒತ್ತಿ ಹಿಡಿದು ಅಡುಗೆಮನೆಗೆ ಹೋದರು. ರೊಟ್ಟಿಯ ಮಣೆಯನ್ನು ಕಟ್ಟೆಯ ಮೇಲೆ ಎಳೆದು, ಅಡಿಯ ಟವೆಲನ್ನು ಕಿತ್ತೆಸೆದು, ಬರಿ ಅಂಗೈಯಿಂದ ಬಡಿಯತೊಡಗಿದರು. ಪಟ್ ಪಟ್ ಪಟ್. ಹಿಟ್ಟಿಲ್ಲ, ನೀರಿಲ್ಲ, ಬರಿಯ ಮಣೆ. ಪರಿಶೀಲಕರು ಗಾಬರಿಯಾದರು. ನನಗೂ ಒಂದು ಕ್ಷಣ ಆಕೆಗೆ ಬುದ್ಧಿ ಕೆಟ್ಟಿತೇ ಎನಿಸಿತು.

"ಕೆಳಗ ಹೋಗಿ ಕೇಳ್ರಿ ಅಂತ ಹೇಳ್ರಿ ಅವ್ರಿಗೆ! ಕೆಳಗಿನ ಅಜ್ಜಿಗೆ ಗೊತ್ತೈತಿ. ದಿನಾ ಕೇಳ್ಯಾಳ ಆಕಿ!"

ನಾನು ಅನುವಾದಿಸಿದೆ. ಗಂಡಸು ಭುಜ ಕುಣಿಸಿ ಮೆಟ್ಟಿಲಿಳಿದು ಹೋದರು. ಹೆಂಗಸು ಒಂದು ಲೋಟ ನೀರು ತಂದು ಆಕೆಯ ಕೈಗಿತ್ತು ಪಕ್ಕದಲ್ಲಿ ಕುಳಿತರು. ಕೆಳಗೆ ಬಾಗಿಲು ತೆರೆದ ಸದ್ದು, ಗುಸುಗುಸು ಮಾತು. ನಾನು ಆಕೆಯ ಕೋಟು ಹುಡುಕಿ ತಂದೆ.

ಗಂಡಸು ಹಿಂತಿರುಗಿದಾಗ ಅವರ ತುಟಿಯಂಚಿನಲ್ಲಿ ನಗೆಯಿತ್ತು. ಕೆಳಗಿನ ಅಜ್ಜಿ ಹೇಳಿದ್ದನ್ನು ಬರೆದುಕೊಂಡು ಬಂದಿದ್ದರು, ಅದನ್ನು ಅಜ್ಜಿಯ ಮಾತಿನಲ್ಲೇ ಸಹೋದ್ಯೋಗಿಗೆ ಓದಿ ಹೇಳಿದರು. ವಸಂತ ಶುರುವಾಗುವ ಮುಂಚಿನಿಂದ ಪ್ರತಿ ಬೆಳಿಗ್ಗೆ ಮೇಲೆ ಡೋಲಿನ ಸದ್ದು, ಈಚೆಗೆ ಸ್ವಲ್ಪ ಮೆತ್ತಗೆ. ಅದು ವ್ಯಾಯಾಮವೆಂದು ಮೇಲಿನ ಮನೆಯ ಯುವಕ ಹೇಳಿದ್ದ, ನಾನು ನಂಬಲಿಲ್ಲ. ಆತ ಮೆಟ್ಟಿಲು ಇಳಿದು ಸೈಕಲ್ ಬೀಗ ತೆಗೆಯುವಾಗಲೂ ಮೇಲೆ ಸದ್ದು ನಡೆದೇ ಇರುತ್ತದೆ. ಒಬ್ಬ ಮನುಷ್ಯ ಮೆಟ್ಟಿಲ ಮೇಲೂ ಅಡುಗೆಮನೆಯಲ್ಲೂ ಒಟ್ಟಿಗೆ ಇರುವುದು ಹೇಗೆ? ಆ ಮನೆಯಲ್ಲಿ ಇಬ್ಬರಿದ್ದಾರೆ.

"ಆ ಮನೆಯಲ್ಲಿ ಇಬ್ಬರಿದ್ದಾರೆ," ಎಂದು ಅವರು ಮತ್ತೊಮ್ಮೆ ಹೇಳಿ ವರದಿಯಲ್ಲಿ ಬರೆದರು. ಕೆಳಗೆ ಟ್ಯಾಕ್ಸಿ ಹಾರ್ನ್ ಮಾಡಿತು. ಆಕೆಯನ್ನು ಮೆಟ್ಟಿಲಿಳಿಸಲು ಪರಿಶೀಲಕಿಯೇ ಒಂದು ತೋಳು ಹಿಡಿದರು.

ಅಂಡಾಶಯ ತಿರುಚಿಕೊಂಡಿರಲಿಲ್ಲ. ಆದರೆ ಇನ್ನು ಕಾಯುವುದು ಬೇಡವೆಂದು ಡಾಕ್ಟರ್ ಶಸ್ತ್ರಚಿಕಿತ್ಸೆಯನ್ನು ಮುಂದಿನ ಮಂಗಳವಾರಕ್ಕೆ ಎಳೆದುಕೊಂಡರು. ವಿಮೆಯ ಪುರಾವೆ ಸೋಮವಾರ ಐದು ಗಂಟೆಯೊಳಗೆ ದಾಖಲಾತಿ ಮೇಜಿಗೆ ಮುಟ್ಟಬೇಕು.

ಸೋಮವಾರ ಬೆಳಿಗ್ಗೆ ನಗರಸಭೆಯಿಂದ ಎಂಜಿನಿಯರ್‌ಗೆ ಕರೆ ಬಂತು. ಅದೇ ಕೌಂಟರಿನಾಕೆ ಸಂಖ್ಯೆ ಕೊಟ್ಟರು. ಅದನ್ನು ಹಿಡಿದು ನನ್ನ ಮೇಜಿನಲ್ಲೇ ಕುಳಿತು ವಿಮಾ ಕಂಪನಿಯೊಂದರ ಅರ್ಜಿ ತುಂಬಿದೆವು. ಹೆಸರು, ಸಂಖ್ಯೆ, ಹುಟ್ಟಿದ ದಿನ, ದೇಶಕ್ಕೆ ಬಂದ ದಿನ. ಗುಂಡಿ ಒತ್ತಿದೆ. ಪರದೆಯ ಮೇಲೆ ಉತ್ತರ: ಈ ವ್ಯಕ್ತಿಯ ವಿವರ ನೋಂದಣಿಯಲ್ಲಿ ಕಾಣುತ್ತಿಲ್ಲ, ಅರ್ಹತೆ ಪರಿಶೀಲಿಸಿ ಕೆಲವು ವಾರಗಳಲ್ಲಿ ತಿಳಿಸುತ್ತೇವೆ.

ನಗರಸಭೆಯ ಹೊಸ ಮಾಹಿತಿ ಕಂಪನಿಯ ಕಂಪ್ಯೂಟರಿಗೆ ಇನ್ನೂ ತಲುಪಿರಲಿಲ್ಲ. ಫೋನ್ ಹಚ್ಚಿದೆ. ಕಾಯಿಸುವ ಸಂಗೀತ ಕೇಳಿ ಕೇಳಿ ತಲೆ ಚಿಟ್ಟುಹಿಡಿಯಿತು. ಸಿಕ್ಕ ಹುಡುಗ, ಕಾಯಬೇಕು ಮೇಡಂ, ಇವರು ಕೆಲಸದಲ್ಲಿಲ್ಲವಲ್ಲ, ಅರ್ಹತೆ ನೋಡಬೇಕು ಎಂದ.

"ಕೆಲಸದಲ್ಲಿರಬೇಕೆಂದು ಯಾರು ಹೇಳಿದರು? ಇಲ್ಲಿ ಕಾನೂನುಬದ್ಧವಾಗಿ ವಾಸಿಸುವವರು ಅರ್ಹರು. ಪರ್ಮಿಟ್ ಇದೆ, ವಿಳಾಸ ಇದೆ. ನೀವು ಬೇಡವೆನ್ನುವ ಹಾಗಿಲ್ಲ. ನಿಮ್ಮ ಮೇಲಿನವರನ್ನು ಕೊಡಿ," ಎಂದೆ. ಡಚ್ಚಿನಲ್ಲಿ ಜಗಳವಾಡುವುದನ್ನು ಕಲಿಯಲು ನನಗೆ ವರ್ಷಗಳೇ ಹಿಡಿದಿವೆ. ಅವತ್ತು ಅದು ಸಾರ್ಥಕವಾಯಿತು.

ಮೇಲಿನವರು ಪರ್ಮಿಟ್ಟಿನ ಎರಡೂ ಮಗ್ಗುಲು ಮತ್ತು ನಗರಸಭೆಯ ನೋಂದಣಿ ಪ್ರತಿ ಕಳಿಸಿ ಎಂದರು. ಎಂಜಿನಿಯರ್ ಸೈಕಲ್ ಏರಿ ನಗರಸಭೆಗೆ ಓಡಿ, ಪ್ರತಿಯನ್ನು ಫೋಟೊ ತೆಗೆದು ಅಲ್ಲಿಂದಲೇ ಕಳಿಸಿದರು. ಅದನ್ನು ವಿಮಾ ಕಂಪನಿಗೆ ದಾಟಿಸಿ, ಮೇಲ್ ಪೆಟ್ಟಿಗೆಯನ್ನು ನೋಡುತ್ತಾ ಕುಳಿತೆ. ಊಟಕ್ಕೆ ಏಳಲಿಲ್ಲ. ಮ್ಯಾನೇಜರ್ ಎರಡು ಸಲ ಬಂದು ಏನೋ ಕೇಳಲು ಹೋಗಿ, ನನ್ನ ಮುಖ ನೋಡಿ ವಾಪಸಾದರು. ಮೂರನೇ ಸಲ ಒಂದು ಸ್ಯಾಂಡ್‌ವಿಚ್ ಇಟ್ಟು ಹೋದರು.

ದಾಖಲಾತಿ ಮೇಜು ಮುಚ್ಚಲು ಸ್ವಲ್ಪವೇ ಹೊತ್ತಿರುವಾಗ ಮೇಲ್ ಬಂತು. ಆಕೆಯ ಪೂರ್ತಿ ಹೆಸರು, ಪಾಲಿಸಿ ಸಂಖ್ಯೆ, ಜಾರಿಯಾದ ದಿನ: ಆಕೆ ವಿಮಾನದಿಂದಿಳಿದ ದಿನ. ಅದನ್ನು ಆಸ್ಪತ್ರೆಗೆ ಕಳಿಸಿ, ಫೋನ್ ಮಾಡಿ, ತಲುಪಿತೇ ಎಂದು ಕೇಳಿದೆ. ತಲುಪಿದೆ ಎಂದರು. ನಾನು ಹೆಂಗಸರ ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಗಡ್ಡೆ ತೆಗೆದರು. ಅಂಡಾಶಯ ಉಳಿಯಿತು. ಮಾಲೀಕನಿಗೆ ಇವರೇ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವನು ಕೂಗಾಡಿ, ಕರಾರು ಮುಗಿದ ದಿನ ಬೀಗ ಕೊಡಬೇಕು ಎಂದ. ಅವನ ಮಾತಿನಲ್ಲೂ ತಪ್ಪಿರಲಿಲ್ಲ, ಕರಾರಿಗೆ ಸಹಿ ಹಾಕಿದ್ದು ಇವರೇ. ಮನೆ ಹುಡುಕುವ 'ಗ್ರಹಚಾರ' ಮತ್ತೆ ನನ್ನ ಮೇಜಿಗೇ ಬಂತು.

ಆಸ್ಪತ್ರೆಯಿಂದ ಬಂದ ಮೇಲೆ ಒಂದು ಶನಿವಾರ ಬೆಳಿಗ್ಗೆ ಆಕೆಯನ್ನು ನೋಡಲು ಹೋದೆ. ಕರೆಗಂಟೆಯ ಪಕ್ಕದ ಚೀಟಿಯಲ್ಲಿ ಎರಡನೇ ಹೆಸರು ಬರೆದಿತ್ತು, ಮೊದಲನೆಯದಕ್ಕಿಂತ ದಪ್ಪ ಅಕ್ಷರದಲ್ಲಿ. ಆಕೆ ದಿಂಬಿಗೆ ಒರಗಿ ಕುಳಿತಿದ್ದರು. ಎಂಜಿನಿಯರ್ ಅಡುಗೆಮನೆಯಲ್ಲಿ ಮೈಯೆಲ್ಲ ಹಿಟ್ಟು ಮಾಡಿಕೊಂಡು ರೊಟ್ಟಿ ಬಡಿಯುತ್ತಿದ್ದರು. ಪಟ್. ಸುಮ್ಮನೆ. ಪಟ್ ಪಟ್. ಮತ್ತೆ ಸುಮ್ಮನೆ.

"ಹರದೋತ್ರಿ ಇದೂ!" ಎಂದು ಅಲ್ಲಿಂದಲೇ ಕೂಗಿದರು.

"ಮೆತ್ತಗ ಬಡೀರಿ, ವೈರಿಗೆ ಬಡದಂಗ ಬಡೀಬ್ಯಾಡ್ರಿ," ಎಂದರು ಆಕೆ, ಹೊಲಿಗೆ ನೋಯದಂತೆ ಹೊಟ್ಟೆ ಹಿಡಿದು ನಗುತ್ತಾ.

ಅಷ್ಟರಲ್ಲಿ ಗಂಟೆ ಬಾರಿಸಿತು. ನಾನೇ ಬಾಗಿಲು ತೆರೆದೆ. ಮೆಟ್ಟಿಲು ಹತ್ತಿದ ಏದುಸಿರಿನಲ್ಲಿ, ಮನೆಯ ಚಪ್ಪಲಿಯಲ್ಲೇ ಕೆಳಗಿನ ಅಜ್ಜಿ ನಿಂತಿದ್ದರು. ನನ್ನನ್ನು ನೋಡಿದರು, ನನ್ನ ಹಿಂದೆ ಹಿಟ್ಟಿನ ಕೈಯಲ್ಲಿ ಬಂದು ನಿಂತ ಎಂಜಿನಿಯರನ್ನು ನೋಡಿದರು. ಅವರ ಕಣ್ಣಲ್ಲಿ ಆತಂಕವಿತ್ತು.

"ಕೆಲವು ದಿನದಿಂದ ಸದ್ದೇ ಇರಲಿಲ್ಲ. ಇವತ್ತು ಬಂತು, ಆದರೆ ಇದು ಅವಳ ಕೈಯಲ್ಲ," ಎಂದರು. "ಅವಳೆಲ್ಲಿ? ಅವಳಿಗೇನಾಯಿತು?"

ನಾನು ಉತ್ತರಿಸುವ ಮೊದಲೇ ಒಳಗಿನ ಕೋಣೆಯಿಂದ ದನಿ ಕೇಳಿಸಿತು, ಗಟ್ಟಿಯಾಗಿ, ಕಲಿತ ಒಂದೇ ಡಚ್ ವಾಕ್ಯದಲ್ಲಿ.

"ಇಕ್ ವೋನ್ ಹೀರ್!"

ಅಜ್ಜಿ ಎದೆಯ ಮೇಲೆ ಕೈಯಿಟ್ಟು ಉಸಿರುಬಿಟ್ಟು, ಚಪ್ಪಲಿಯನ್ನು ಬಾಗಿಲ ಬಳಿ ಉಳಿದ ಜೊತೆಗಳ ಪಕ್ಕ ಬಿಟ್ಟು ಒಳಗೆ ಹೋದರು.